ಫುನಾಬೊರಿಯ ದೋನ್ ದುವಾರ್ತೆ

"ನನ್ನ ಬಾಯಿಗೆ ಹಾಕೋ ಬೀಗಾನ ಇನ್ನೂ ಯಾವ ದೇಶದ ಕಮ್ಮಾರನೂ ಮಾಡಿಲ್ಲ ಕಣೋ" ಎಂದು ದ್ವಾರಕಾನಾಥ ಹೇಳುತ್ತಿದ್ದ. ಕ್ಯಾಮೆರಾದ ಕೆಂಪು ದೀಪ ಹತ್ತಿದ ಮೇಲೆ ಇಪ್ಪತ್ತಮೂರು ವರ್ಷದಲ್ಲಿ ಒಂದೇ ಒಂದು ಸೆಕೆಂಡೂ ತನ್ನ ಮಾತು ನಿಂತದ್ದಿಲ್ಲ ಎನ್ನುವುದು ಅವನ ಜಂಬ. ಈ ಜಂಬಕ್ಕೆ ಕೇಳಿದವರ ಮುಂದೆಲ್ಲ ನಾನೂ ಸಾಕ್ಷಿ ಹೇಳಿದ್ದೇನೆ. ಅವನು ಮಾತಿನ ಮಧ್ಯೆ ಉಸಿರು ಎಳೆದುಕೊಂಡದ್ದನ್ನು ನಾನು ಕಂಡಿಲ್ಲ. ಸೋಮವಾರದಿಂದ ಶನಿವಾರದವರೆಗೆ ಎಳೆದು ಕೂಡಿಟ್ಟುಕೊಂಡು ಭಾನುವಾರ ಬಿಡುತ್ತಿದ್ದನೋ ಏನೋ.

ಅವನು ಮೈಸೂರಿನವನು, ಒಂಟಿಕೊಪ್ಪಲಿನಲ್ಲಿ ಬೆಳೆದವನು. ಟೋಕಿಯೋದ ಫುನಾಬೊರಿಯಲ್ಲಿ ನಮ್ಮದೇ ಕಟ್ಟಡದ ಆರನೇ ಮಹಡಿಯಲ್ಲಿ ಅವನ ಮನೆ. ನಾನು ಐದನೆಯದರಲ್ಲಿದ್ದೇನೆ, ಸರಿಯಾಗಿ ಅವನ ಪಾದದ ಕೆಳಗೆ. ವಾರದ ಐದು ದಿನ ಮಿನಾಟೋದ ಆಫೀಸಿನಲ್ಲಿ ಬ್ಯಾಂಕಿನ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಮಾಡುತ್ತಿದ್ದ. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಅವನು ದೋನ್ ದುವಾರ್ತೆ. ಪೆರು, ಬೊಲಿವಿಯಾ ಕಡೆಯಿಂದ ಜಪಾನಿನ ಕಾರ್ಖಾನೆಗಳಿಗೆ ದುಡಿಯಲು ಬಂದ ಜನ ಸಾವಿರಗಟ್ಟಲೆ ಇದ್ದಾರೆ. ಬಹಳ ಮಂದಿಯ ಅಜ್ಜಂದಿರು ಜಪಾನಿನವರೇ. ಮೊಮ್ಮಕ್ಕಳ ಬಾಯಲ್ಲಿ ಮಾತ್ರ ಸ್ಪ್ಯಾನಿಷ್. ಅವರಿಗಾಗಿ ಇದ್ದ ಒಂದು ಪುಟ್ಟ ಟಿವಿ ಚಾನಲ್ಲಿನಲ್ಲಿ ಹಾಡು, ಹಾಸ್ಯ, ಸ್ಪರ್ಧೆ, ಫೋನ್ ಮಾತು ಎಲ್ಲ ಸೇರಿದ ಎರಡು ಗಂಟೆಯ ನೇರ ಕಾರ್ಯಕ್ರಮವನ್ನು ನಡೆಸುತ್ತಿದ್ದವನು ನಮ್ಮ ಮೈಸೂರಿನ ದ್ವಾರಕಾನಾಥ. ಫುನಾಬೊರಿಯ ಕನ್ನಡಿಗರಿಗೆ ಅವನ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಅದಕ್ಕೇ ಅವನ ಮೇಲೆ ನಮಗೆಲ್ಲ ಅಷ್ಟೊಂದು ಅಭಿಮಾನ.

ಇದು ಹೇಗಾಯಿತೆಂದರೆ, ಟೋಕಿಯೋಗೆ ಬರುವ ಮೊದಲು ಅವನ ಕಂಪನಿ ಅವನನ್ನು ಮೂರು ವರ್ಷ ಪೆರುವಿನ ಲಿಮಾದಲ್ಲಿ ಇರಿಸಿತ್ತು. ಸ್ಪ್ಯಾನಿಷ್ ಕಲಿಸಿದವಳು ಅಲ್ಲಿನ ಮನೆಯೊಡತಿ. ಆಕೆಗೆ ದಿನಕ್ಕೆ ಮೂರು ಹೊತ್ತು ಜಗಳವಾಡುವ ಅಭ್ಯಾಸವಿತ್ತು. ಇವನಿಗೆ ಉತ್ತರ ಕೊಡದೆ ಇರಲಾರದ ರೋಗ. ಆರು ತಿಂಗಳಲ್ಲಿ ಭಾಷೆ ಬಂತು, ಒಂದು ವರ್ಷದಲ್ಲಿ ಮನೆಯೊಡತಿಯೇ ಬೇರೆ ಮನೆಗೆ ಹೋದಳು.

ಟೋಕಿಯೋಗೆ ಬಂದ ಮೇಲೆ, ಎರಡು ಸಾವಿರದ ಒಂದರಲ್ಲಿ, ಒಂದು ಪಾರ್ಕಿನಲ್ಲಿ ಪೆರುವಿನವರ ಹಬ್ಬ ನಡೆದಿತ್ತು. ಹಳೆಯ ನೆನಪಿಗೆಂದು ಹೋಗಿ ಸುಟ್ಟ ಜೋಳ ಕಡಿಯುತ್ತ ನಿಂತಿದ್ದ. ಚಾನಲ್ಲಿನವರ ನಿರೂಪಕನಿಗೆ ರೈಲು ತಪ್ಪಿತ್ತು. ಹೊಶಿನೊ ಸಾನ್ ಎಂಬ ಹೆಂಗಸು, ಆಗಿನ್ನೂ ಕಿರಿಯ ಸಹಾಯಕಿ, ಸ್ಪ್ಯಾನಿಷ್‌ನಲ್ಲಿ ವಟಗುಟ್ಟುತ್ತಿದ್ದ ಇವನನ್ನು ಕಂಡು "ಸುಮಿಮಾಸೆನ್, ಕ್ಷಮಿಸಿ, ಎರಡು ನಿಮಿಷ ಮಾತಾಡುತ್ತೀರಾ?" ಎಂದು ಮೈಕು ಕೊಟ್ಟಳು. ಎರಡು ನಿಮಿಷ ಅಂದದ್ದು ಕ್ಯಾಮೆರಾದ ಬ್ಯಾಟರಿ ಸಾಯುವವರೆಗೆ ನಡೆಯಿತು. ಬದಲಿ ಬ್ಯಾಟರಿಯೂ ಸತ್ತಿತು. ಮೂರನೆಯದನ್ನು ತರಲು ಹೋದ ಹುಡುಗ ಮದುವೆಯಾಗಿ ಎರಡು ಮಕ್ಕಳ ತಂದೆಯಾಗಿ ಹಿಂತಿರುಗಿದ ಎನ್ನುತ್ತಾರೆ, ಇವನು ಆಗಲೂ ಮುನ್ನುಡಿಯಲ್ಲೇ ಇದ್ದ.

ಹೆಸರು ಕೇಳಿದಾಗ "ದ್ವಾರಕಾನಾಥ" ಎಂದು ಸ್ಪಷ್ಟವಾಗಿಯೇ ಹೇಳಿದ. ಅವರ ಕಿವಿಗೆ "ದುವಾರ್ತೆ" ಎಂದು ಬಿತ್ತು. ಅದು ಅವರಲ್ಲಿ ಒಳ್ಳೆಯ ಮನೆತನದ ಹೆಸರಂತೆ, ಗೌರವಕ್ಕೆಂದು ಅದರ ಹಿಂದೆ "ದೋನ್" ಸೇರಿಸಿದರು. ಉಚ್ಚಾರ ಸ್ವಲ್ಪ ವಿಚಿತ್ರವಾಗಿದ್ದದ್ದನ್ನು ಜನ "ಪಾಪ, ಬೆಟ್ಟದ ಕಡೆಯವನಿರಬೇಕು" ಎಂದು ಹೊಟ್ಟೆಗೆ ಹಾಕಿಕೊಂಡರು. ಬೆಟ್ಟ ಎಂದರೆ ಅವರ ಮನಸ್ಸಿನಲ್ಲಿ ಆಂಡಿಸ್. ಅದು ಚಾಮುಂಡಿ ಬೆಟ್ಟ ಎಂದು ಇವನೂ ತಿದ್ದಲು ಹೋಗಲಿಲ್ಲ.

ಸ್ಟುಡಿಯೊ ಇದ್ದದ್ದು ಮಿನಾಟೋದಲ್ಲಿ, ಒಬ್ಬ ಹಲ್ಲಿನ ಡಾಕ್ಟರ ಮೇಲಿನ ಮಹಡಿಯಲ್ಲಿ. ಮೊದಲ ವಾರ ಅವನಿಗೆ ಒಂದು ಸೋಫಾ ಹಾಕಿದ್ದರು. ಅದರ ಮೇಲೆ ಅವನು ಕೂತದ್ದು ನಾಲ್ಕು ಸೆಕೆಂಡು. ಆಮೇಲೆ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ಕ್ಯಾಮೆರಾದವನ ಕುತ್ತಿಗೆ ಉಳುಕಿತು. ಕೆಳಗೆ ಹಲ್ಲಿನ ಡಾಕ್ಟರ ಕೈ ನಡುಗಿ ಯಾರದೋ ಎಡದವಡೆಯ ಹಲ್ಲಿನ ಬದಲು ಬಲದವಡೆಯದು ಕಿತ್ತು ಬಂತು ಎಂಬ ಸುದ್ದಿಯೂ ಇತ್ತು. ಎರಡನೇ ವಾರ ಸೋಫಾ ಹೊರಗೆ ಹೋಯಿತು, ಕಾರ್ಯಕ್ರಮಕ್ಕೆ "ಕುರ್ಚಿಯಿಲ್ಲದ ಭಾನುವಾರ" ಎಂಬ ಅರ್ಥದ ಸ್ಪ್ಯಾನಿಷ್ ಹೆಸರು ಬಂತು.

"ಭಾನುವಾರ ಅಂತ ಹೆಸರಿಗೆ" ಎಂದು ಅವನ ಹೆಂಡತಿ ಭಾನುಮತಿ ನನ್ನ ಬಳಿ ದೂರುತ್ತಿದ್ದಳು. "ಈ ಭಾನುಮತಿಗೆ ಅಂತೂ ಒಂದು ವಾರಾನೂ ಸಿಕ್ಕಿಲ್ಲ ರಮಾಕಾಂತ್ ಅವ್ರೇ. ಉಳಿದ ದಿನಾನೂ ಅಷ್ಟೇ, ಹಲ್ಲುಜ್ಜೋವಾಗ್ಲೂ ಓಡಾಡ್ತಿರ್ತಾರೆ. ಪೇಸ್ಟ್ ಹನಿ ಹಿಡ್ಕೊಂಡು ಹೋದ್ರೆ ಇವರೆಲ್ಲಿದ್ದಾರೆ ಅಂತ ಗೊತ್ತಾಗತ್ತೆ."

ಅವನ ಹಾಡಿನ ಸ್ಪರ್ಧೆ ಪ್ರಸಿದ್ಧವಾದದ್ದು ಸೋತವರಿಂದ. ಗೆದ್ದವರಿಗೆ ಚಾನಲ್ಲಿನವರು ರೈಸ್ ಕುಕ್ಕರ್ ಕೊಡುತ್ತಿದ್ದರು. ಸೋತವರಿಗೆ ಇವನು ಮೈಸೂರಿನಿಂದ ತಂದ ಸ್ಟೀಲಿನ ಚೊಂಬು ಕೊಡುತ್ತಿದ್ದ. ನಮ್ಮಲ್ಲಿ ಕೈಗೆ ಚೊಂಬು ಬಂತೆಂದರೆ ಏನರ್ಥ ಎಂದು ಅವನು ಅವರಿಗೆ ಹೇಳಲಿಲ್ಲ. ತನ್ನೊಳಗೇ ನಕ್ಕುಕೊಳ್ಳಲು ಇಟ್ಟುಕೊಂಡಿದ್ದ. ಆದರೆ ಆ ಜನ ಅದನ್ನು "ಎಲ್ ಚೊಂಬು" ಎಂದು ಕರೆದು ಶೋಕೇಸಿನಲ್ಲಿಟ್ಟು ಹೂವು ಸಿಕ್ಕಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಚೊಂಬಿಗಾಗಿ ಬೇಕೆಂದೇ ಅಪಸ್ವರ ಹಾಡುವವರು ಹೆಚ್ಚಿದರು. ನಾಗೊಯಾದಿಂದ ಬಂದ ಒಬ್ಬ ಒಳ್ಳೆಯ ಗಾಯಕ ಎಷ್ಟು ಪ್ರಯತ್ನಪಟ್ಟರೂ ಕೆಟ್ಟದಾಗಿ ಹಾಡಲು ಬರದೆ, ಕುಕ್ಕರ್ ಹಿಡಿದುಕೊಂಡು ಕಣ್ಣೀರು ಹಾಕುತ್ತ ಹೋದ.

ಆದರೆ ಅವನನ್ನು ಅಷ್ಟು ವರ್ಷ ಅಲ್ಲಿ ನಿಲ್ಲಿಸಿದ್ದು ಚೊಂಬಲ್ಲ, ಒಂದು ತಪ್ಪು. ಮೊದಲ ದಿನ ಕಾರ್ಯಕ್ರಮ ಮುಗಿಸುವಾಗ "ಅದಿಯೋಸ್" ಎನ್ನಬೇಕಿತ್ತು. ಆ ಮಾತಿನಲ್ಲಿ ಹೋಗುವುದಿದೆ, ಬರುವುದಿಲ್ಲ. ಹೊಸ್ತಿಲಲ್ಲಿ ನಿಂತು "ಹೋಗ್ತೀನಿ" ಎಂದರೆ ತಾಯಿ ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, "ಹೋಗಿ ಬರ್ತೀನಿ ಅನ್ನು" ಎಂದು ತಿದ್ದಿ ಕಳಿಸುತ್ತಿದ್ದ ಮನೆಯಲ್ಲಿ ಬೆಳೆದವನು ಅವನು. ಹಾಗಾಗಿ ಅದನ್ನೇ ಸ್ಪ್ಯಾನಿಷ್‌ಗೆ ಇಳಿಸಿ "ವೊಯ್ ಇ ವೆಂಗೊ" ಎಂದು ಕೈಮುಗಿದು ಹೊರಟುಬಿಟ್ಟ.

ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ "ಇಗೋ ಹೀಗೆ ಹೋಗಿ ಹಾಗೆ ಬಂದೆ" ಎಂದರ್ಥ. ಬಾತ್‌ರೂಮಿಗೆ ಹೋಗುವವನು ಹೇಳುವ ಮಾತು. ಜನ ಟಿವಿ ಆರಿಸಲಿಲ್ಲ. ಈಗ ಬರುತ್ತಾನೆ, ಈಗ ಬರುತ್ತಾನೆ ಎಂದು ಕೂತರು. ಅವನ ನಂತರ ಬರುತ್ತಿದ್ದದ್ದು ಅರ್ಧ ಗಂಟೆಯ ಫೋನ್ ಕಾರ್ಡಿನ ಜಾಹೀರಾತು. ಅದನ್ನು ಜಪಾನಿನಲ್ಲಿ ಅಷ್ಟು ಜನ ಅಷ್ಟು ಭಕ್ತಿಯಿಂದ ನೋಡಿದ್ದು ಅದೇ ಮೊದಲು. ಫೋನ್ ಕಾರ್ಡಿನವರು ಸಂತೋಷಪಟ್ಟು ಇಡೀ ವರ್ಷಕ್ಕೆ ಜಾಹೀರಾತು ಕೊಟ್ಟರು.

ಮೂರು ತಿಂಗಳಾದ ಮೇಲೆ ಗುನ್ಮಾ ಪ್ರಾಂತದ ಇಸೆಸಾಕಿಯಿಂದ ಒಬ್ಬ ಅಜ್ಜಿ ಕಾರ್ಯಕ್ರಮಕ್ಕೆ ಫೋನ್ ಮಾಡಿದಳು. ಆಕೆಯ ಹೆಸರು ಲೂಸ್ ಹಿಗಾ. ಬೆಂಗಳೂರಿನವರು ನಗಬಾರದು, ಸ್ಪ್ಯಾನಿಷ್‌ನಲ್ಲಿ ಲೂಸ್ ಎಂದರೆ ಬೆಳಕು. "ಮಗಾ, ಪ್ರತಿ ವಾರ ಅದೆಲ್ಲಿಗೆ ಹೋಗ್ತೀಯ? ನಾನು ಕಾದು ಕಾದು ಟೀ ತಣ್ಣಗಾಗತ್ತೆ. ಹೊಟ್ಟೆ ಸರಿಯಿಲ್ಲವಾ?" ಎಂದಳು. ಅವನು ನಮ್ಮ ಪದ್ಧತಿ ವಿವರಿಸಿದ. ಅಜ್ಜಿಗೆ ಅದು ಬಹಳ ಹಿಡಿಸಿತು. ಅಂದಿನಿಂದ ಜನ ತಿಳಿದೂ ತಿಳಿದೂ ಕಾದರು. ಸ್ಪ್ಯಾನಿಷ್ ಬಾರದ ಹೊಶಿನೊ ಸಾನ್‌ಗೆ ಯಾರೋ ಅರ್ಥ ಹೇಳಿದಾಗ, "ಅಯ್ಯೋ, ಇದು ನಮ್ಮ ಇತ್ತೆಕಿಮಾಸು ಅಲ್ಲವೇ!" ಎಂದಳು. ಜಪಾನಿನವರೂ ಮನೆ ಬಿಡುವಾಗ ಹೋಗಿ ಬರುತ್ತೇನೆಂದೇ ಹೇಳುವುದು. ಅದಕ್ಕೆ ಮನೆಯಲ್ಲಿರುವವರ ಉತ್ತರ "ಇತ್ತೆರಾಶ್ಶಾಯಿ", ಹೋಗಿ ಬಾ. ಪ್ರತಿ ವಾರ ನಾಲ್ಕು ಗಂಟೆಗೆ ಅವನು ಒಂದು ಭಾಷೆಯಲ್ಲಿ ಯೋಚಿಸಿ ಇನ್ನೊಂದರಲ್ಲಿ ಹೊರಡುತ್ತಿದ್ದ, ಆಕೆ ಗಾಜಿನ ಆಚೆಯಿಂದ ಮೂರನೆಯದರಲ್ಲಿ ಬೀಳ್ಕೊಡುತ್ತಿದ್ದಳು.

ಹೀಗೆ ಇಪ್ಪತ್ತಮೂರು ವರ್ಷ ಕಳೆದವು. ಹೊಶಿನೊ ಸಾನ್ ಸಹಾಯಕಿಯಿಂದ ನಿರ್ಮಾಪಕಿಯಾದಳು. ದ್ವಾರಕಾನಾಥ ಆಫೀಸಿನಿಂದ ನಿವೃತ್ತನಾದ. ಈಗ ಅವನಿಗೆ ಉಳಿದಿದ್ದು ಆ ಎರಡು ಗಂಟೆ ಮಾತ್ರ. ಸೋಮವಾರದಿಂದಲೇ ಭಾನುವಾರದ ಕಡೆಗೆ ನಡೆಯಲು ಶುರುಮಾಡುತ್ತಿದ್ದ. ನನ್ನ ತಾರಸಿಯೆಂದರೆ ಅವನ ನೆಲ. ಬೆಳಿಗ್ಗೆ ಆರಕ್ಕೆ ಧಡ್ ಧಡ್ ಎಂದು ಶುರುವಾದರೆ, ಅವನು ಯಾವ ಜೋಕಿಗೆ ಅಡಿಗೆರೆ ಎಳೆಯುತ್ತಿದ್ದಾನೆಂದು ನನಗೆ ಕೆಳಗಿನಿಂದಲೇ ತಿಳಿಯುತ್ತಿತ್ತು.

ಕಳೆದ ಜನವರಿಯ ಒಂದು ಭಾನುವಾರ ಅವನು ಸ್ಟುಡಿಯೊದಿಂದ ನೇರ ನಮ್ಮ ಮನೆಗೇ ಬಂದ. ಚಪ್ಪಲಿ ಬಿಡುವಷ್ಟೂ ವ್ಯವಧಾನವಿರಲಿಲ್ಲ.

"ರಮಾಕಾಂತ, ನಡಿ ಮೇಲಕ್ಕೆ. ಫೋನ್ ಮಾಡಿ ಹೇಳಿದೀನಿ, ಭಾನು ಕೇಸರಿಭಾತ್ ಮಾಡ್ತಿದಾಳೆ. ಮಾರ್ಚ್‌ಗೆ ನನಗೆ ಸೊತ್ಸುಗ್ಯೊ ಅಂತೆ! ಹೊಶಿನೊ ಸಾನ್ ಎದ್ದು ನಿಂತು, ಬಗ್ಗಿ ನಮಸ್ಕಾರ ಮಾಡಿ ಹೇಳಿದ್ರು."

ಸೊತ್ಸುಗ್ಯೊ ಎಂದರೆ ಪದವಿ, ಶಾಲೆ ಮುಗಿಸಿ ತೇರ್ಗಡೆಯಾಗುವುದು. ಅವನ ಜಪಾನಿ ಭಾಷೆ ಇಪ್ಪತ್ತೈದು ವರ್ಷವಾದರೂ ಕೊಂಬಿನಿಯ, ಅಂದರೆ ಬೀದಿಮೂಲೆಯ ಅಂಗಡಿಯ, ಬಾಗಿಲು ದಾಟಿರಲಿಲ್ಲ. ಆದರೂ ಈ ಒಂದು ಪದ ಚೆನ್ನಾಗಿ ಗೊತ್ತಿತ್ತು. ಮಗಳು ಶ್ರೀರಕ್ಷಾ ಶಿಶುವಿಹಾರ, ಪ್ರೈಮರಿ, ಹೈಸ್ಕೂಲು ಮುಗಿಸಿದಾಗಲೆಲ್ಲ ಭಾನುಮತಿ ಮೈಸೂರು ಸಿಲ್ಕ್ ಉಟ್ಟು ಹೋಗಿದ್ದಳು, ಇವನು ಹಿಂದಿನ ಸಾಲಿನಲ್ಲಿ ನಿಂತು ಅತ್ತಿದ್ದ. ಆದ್ದರಿಂದ ಚಾನಲ್ಲು ತನ್ನನ್ನು ತೇರ್ಗಡೆ ಮಾಡಿ ದೊಡ್ಡ ಚಾನಲ್ಲಿಗೆ ಏರಿಸುತ್ತಿದೆ ಎಂದು ಲೆಕ್ಕ ಹಾಕಿದ್ದ. ನಾನೂ ನಂಬಿ, ಮನೆಯಲ್ಲಿದ್ದ ಜರಿ ಶಾಲು ತೆಗೆದುಕೊಂಡು ಹೋಗಿ ಹೊದಿಸಿದೆ. ಅವನು ಶಾಲು ಹೊದ್ದೇ ಹಾಲಿನಲ್ಲಿ ಆ ಕಡೆ ಈ ಕಡೆ ಓಡಾಡಿದ.

ತ್ಸುಕುಬಾದಲ್ಲಿ ಸಂಶೋಧನೆ ಮಾಡುತ್ತಿರುವ ಶ್ರೀರಕ್ಷಾ ಅಂದು ಊಟಕ್ಕೆ ಬಂದಿದ್ದಳು. ಸುದ್ದಿ ಕೇಳಿ ಚಮಚ ಕೆಳಗಿಟ್ಟಳು.

"ಅಪ್ಪಾ, ಚೊತ್ತೊ ಮತ್ತೆ. ಒನ್ ಮಿನಿಟ್. ಟಿವಿಯವರು ಸೊತ್ಸುಗ್ಯೊ ಅಂದ್ರೆ ಸ್ಕೂಲ್ ಥರ ಅಲ್ಲ. ಇಟ್ ಮೀನ್ಸ್ ಯು ಆರ್ ಔಟ್. ಪೊಲೈಟ್ ಆಗಿ."

"ಔಟ್ ಅಂದ್ರೆ?"

"ಮುಗೀತು. ದೇ ಆರ್ ಡ್ರಾಪಿಂಗ್ ದ ಶೋ."

"ಹಾಗೆಲ್ಲ ಇರಲ್ಲ ಪುಟ್ಟಿ. ಒಂದನೇ ಕ್ಲಾಸ್ ಪಾಸಾದ್ರೆ ಎರಡನೇ ಕ್ಲಾಸು ತಾನೇ?"

"ಎರಡನೇ ಕ್ಲಾಸ್ ಇಲ್ಲ ಅಪ್ಪಾ."

ನಾನು ಶಾಲನ್ನು ವಾಪಸು ತೆಗೆದುಕೊಳ್ಳುವುದೋ ಬಿಡುವುದೋ ತಿಳಿಯದೆ ಕೇಸರಿಭಾತಿನ ದ್ರಾಕ್ಷಿ ಎಣಿಸಿದೆ. ಕೊನೆಗೆ ಭಾನುಮತಿಯೇ, "ತಿಂದ್ಬಿಡಿ, ತುಪ್ಪ ಗಟ್ಟಿಯಾಗತ್ತೆ" ಎಂದಳು.

ಮಾರನೆಯ ದಿನ ಅವನು ಹೊಶಿನೊ ಸಾನ್ ಹತ್ತಿರ ಹೋದ. ಮಗಳು ಹೇಳಿದ್ದೇ ನಿಜ. ಇನ್ನು ಮೇಲೆ ನೇರ ಕಾರ್ಯಕ್ರಮ ಇರುವುದಿಲ್ಲ; ತೊಂಬತ್ತು ಸೆಕೆಂಡಿನ ತುಣುಕುಗಳು ಮಾತ್ರ, ಅದೂ ಮೊಬೈಲಿಗೆ. ತೊಂಬತ್ತು ಸೆಕೆಂಡಿನಲ್ಲಿ ದ್ವಾರಕಾನಾಥ ಮೈಕಿನ ವಯರು ಸರಿಮಾಡಿಕೊಳ್ಳುತ್ತಾನೆ, ಅಷ್ಟೇ. ಆಕೆ ಅವನಲ್ಲಿ ಒಂದು ಬೇಡಿಕೆಯನ್ನೂ ಇಟ್ಟಳು. "ದುವಾರ್ತೆ ಸಾನ್, ಕೊನೆಯ ದಿನ ದಯವಿಟ್ಟು ವೊಯ್ ಇ ವೆಂಗೊ ಹೇಳಬೇಡಿ. ಜನ ಕಾಯುತ್ತಾರೆ. ಆಮೇಲೆ ತೋರಿಸಲು ನಮ್ಮಲ್ಲಿ ಏನೂ ಇಲ್ಲ. ವಯಸ್ಸಾದವರನ್ನು ಖಾಲಿ ಪರದೆಯ ಮುಂದೆ ಕೂರಿಸುವುದು ಬೇಡ. ಅದಿಯೋಸ್ ಹೇಳಿಬಿಡಿ." ಅವಳು ಹೇಳಿದ್ದು ನ್ಯಾಯವಾಗಿಯೇ ಇತ್ತು. ಇವನು "ಹೈ" ಎಂದು ಒಪ್ಪಿ ಬಂದ.

ಒಪ್ಪಿದ್ದೇನೋ ಸರಿ, ಬಾಯಿ ಒಪ್ಪಬೇಕಲ್ಲ. ಕಾರ್ಯಕ್ರಮ ಹೋಗುತ್ತದೆಂಬ ದುಃಖಕ್ಕಿಂತ ಹೋಗುತ್ತೇನೆಂದು ತಾನೇ ಬಾಯಿಬಿಟ್ಟು ಹೇಳಬೇಕೆಂಬ ಸಂಕಟ ಅವನನ್ನು ಕಿತ್ತು ತಿಂದಿತು. ಎರಡು ತಿಂಗಳು ನನ್ನ ತಾರಸಿ ನಿದ್ದೆ ಮಾಡಲಿಲ್ಲ. ನದಿಯ ದಂಡೆಯ ಮೇಲೆ ಅವನು ಅಷ್ಟು ನಡೆದ, ಅಷ್ಟು ನಡೆದ, ಬಾತುಕೋಳಿಗಳು ದಾರಿ ಬಿಟ್ಟುಕೊಡುವುದನ್ನು ರೂಢಿ ಮಾಡಿಕೊಂಡವು. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ, "ಅದಿ" ಎನ್ನುವಷ್ಟರಲ್ಲಿ ಕೆಮ್ಮು ಬರುತ್ತಿತ್ತು. ಒಂದು ದಿನ ಕೊಂಬಿನಿಯ ಮುಂದೆ ನಿಂತು ಗಾಜಿಗೆ "ಅದಿಯೋಸ್" ಎಂದು ಪೂರ್ತಿ ಹೇಳಿದ. ಬಾಗಿಲು ತಾನಾಗಿಯೇ ತೆರೆದುಕೊಂಡಿತು, ಒಳಗಿನಿಂದ ಹುಡುಗಿ "ಇರಾಶ್ಶಾಯಿಮಾಸೆ!" ಎಂದು ಸ್ವಾಗತಿಸಿದಳು. ಹೀಗೆ ಏಳು ಸಲವಾಯಿತು. ಎಂಟನೆಯ ಸಲ ಆ ಹುಡುಗಿಗೆ ಬೇಜಾರಾಗಬಾರದೆಂದು ಒಂದು ಬಾಳೆಹಣ್ಣು ಕೊಂಡು ಬಂದ.

"ಒಂದು ಪದ ಕಣೋ ದ್ವಾರಕಾ" ಎಂದೆ. "ಗುಳಿಗೆ ನುಂಗಿದ ಹಾಗೆ ನುಂಗಿಬಿಡು."

"ನುಂಗೋದಲ್ಲ, ಉಗೀಬೇಕು. ನಿನಗೇನು, ನೀನು ಯಾವತ್ತಾದ್ರೂ ಎಲ್ಲಿಗಾದ್ರೂ ಹೋಗಿದ್ರೆ ತಾನೇ?"

ಮಾರ್ಚ್ ತಿಂಗಳ ಕೊನೆಯ ಭಾನುವಾರ ಬಂತು. ನಾನೂ ಭಾನುಮತಿಯೂ ಸ್ಟುಡಿಯೊಗೆ ಹೋಗಿ ಗೋಡೆಗೆ ಒರಗಿ ನಿಂತೆವು. ಅವನು ಅಂದು ನಡೆದದ್ದು ನೋಡಿದರೆ ನೆಲಕ್ಕೂ ಬೀಳ್ಕೊಡುಗೆ ಬೇಕಾಗಿತ್ತು. ಹಾಡಿಸಿದ, ಕುಣಿಸಿದ, ಕೊನೆಯ ಚೊಂಬು ಕೊಟ್ಟ. ಮೂರು ಐವತ್ತಾರಕ್ಕೆ ಲೂಸ್ ಅಜ್ಜಿಯ ಫೋನ್ ಬಂತು. ಆಕೆಗೆ ಈಗ ತೊಂಬತ್ತೊಂದು. ಗಾಜಿನ ಆಚೆಯಿಂದ ಹೊಶಿನೊ ಸಾನ್ ಗಡಿಯಾರ ತೋರಿಸಿದಳು: ಹೇಳಿಬಿಡಿ.

ಅವನು ಕ್ಯಾಮೆರಾದ ಮುಂದೆ ಬಂದು ನಿಂತ. ಬಾಯಿ ತೆರೆದ. ಏನೂ ಬರಲಿಲ್ಲ.

ನಾನು ಮೊದಲು ಮೈಕು ಕೆಟ್ಟಿತೆಂದುಕೊಂಡೆ. ಆಮೇಲೆ ಅವನ ಕಾಲು ನೋಡಿದೆ, ಅವೂ ನಿಂತಿದ್ದವು. ಐದು ಸೆಕೆಂಡು, ಹತ್ತು, ಇಪ್ಪತ್ತು. ಭಾನುಮತಿ ನನ್ನ ತೋಳು ಹಿಡಿದುಕೊಂಡಳು. ಗೋಡೆಯ ಗಡಿಯಾರದಲ್ಲಿ ಮೂವತ್ತೇಳು ಸೆಕೆಂಡು ಎಣಿಸಿದೆ. ಇಪ್ಪತ್ತಮೂರು ವರ್ಷ ನಾನು ಹೇಳಿಕೊಂಡು ಬಂದ ಸಾಕ್ಷಿ ಅಲ್ಲಿಗೆ ಸುಳ್ಳಾಯಿತು.

"ಮಗಾ" ಎಂದಳು ಲೂಸ್ ಅಜ್ಜಿ ಫೋನಿನಲ್ಲಿ, "ನನ್ನ ಟಿವಿ ಕೆಟ್ಟಿತಾ, ನೀನು ಕೆಟ್ಟೆಯಾ?" ಆ ಹೊತ್ತಿನ ಮಾತುಗಳನ್ನೆಲ್ಲ ದ್ವಾರಕಾನಾಥ ಆಮೇಲೆ ನನಗೆ ಕನ್ನಡದಲ್ಲಿ ಹೇಳಿದ್ದು.

"ಒಂದು ಮಾತು ಹೇಳಬೇಕು ಅಜ್ಜಿ. ಬಾಯಿಗೆ ಬರ್ತಿಲ್ಲ."

"ಬರದೇ ಇದ್ರೆ ಬಿಡು, ನಾನು ಹೇಳ್ತೀನಿ. ಇಪ್ಪತ್ತಮೂರು ವರ್ಷದಿಂದ ಹೋಗಿ ಬರ್ತೀನಿ, ಹೋಗಿ ಬರ್ತೀನಿ ಅಂತೀಯ. ಹೋಗೋದನ್ನ ಪ್ರತಿ ವಾರ ನೋಡಿದ್ದೀನಿ. ನಮ್ಮನೆಗೆ ಬಂದಿದ್ದು ಯಾವತ್ತು?"

ಅವನ ಕಾಲಿಗೆ ಜೀವ ಬಂತು. ಜೇಬಿನಲ್ಲಿ ಪೆನ್ನು ಹುಡುಕುತ್ತ, "ವಿಳಾಸ ಹೇಳಿ ಅಜ್ಜಿ" ಎಂದ.

ಅಜ್ಜಿ ಶುರುಮಾಡಿದಳು. ಸ್ಟೇಷನ್ನಿನಿಂದ ಎಡಕ್ಕೆ, ಬೈಸಿಕಲ್ ರಿಪೇರಿ ಅಂಗಡಿ ದಾಟಿ, ಪಕ್ಕದಲ್ಲಿ ಒಂದು ನಾಯಿ ಇದೆ, ಅದು ಬೊಗಳುತ್ತೆ ಆದರೆ ಕಚ್ಚಲ್ಲ, ಅಲ್ಲಿಂದ... ಅಂಗೈಯಲ್ಲಿ ಬರೆದುಕೊಳ್ಳುತ್ತ ಅವನು, "ನಾಯಿ ಯಾವ ಬಣ್ಣ?" ಎಂದು ಕೇಳಿದ. ಆಕೆ ಬಣ್ಣ ಯೋಚಿಸುತ್ತಿದ್ದಾಗ ನಾಲ್ಕು ಗಂಟೆಯಾಯಿತು, ಪರದೆ ಕಪ್ಪಾಯಿತು. ಅದಿಯೋಸೂ ಇಲ್ಲ, ವೊಯ್ ಇ ವೆಂಗೊನೂ ಇಲ್ಲ. ಹೊಶಿನೊ ಸಾನ್ ಮಾತ್ರ ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ "ಇತ್ತೆರಾಶ್ಶಾಯಿ" ಎಂದಳು.

ಮುಂದಿನ ಭಾನುವಾರ ಬೆಳಿಗ್ಗೆ ನನ್ನ ತಾರಸಿ ಐದಕ್ಕೇ ಎದ್ದಿತು. ಅವನೂ ಭಾನುಮತಿಯೂ ನಾನೂ ಮೂರು ರೈಲು ಬದಲಾಯಿಸಿ ಇಸೆಸಾಕಿಗೆ ಹೋದೆವು. ರೈಲಿನಲ್ಲಿ ಕೂರಲು ಜಾಗವಿತ್ತು. ಭಾನುಮತಿ ಪುಳಿಯೋಗರೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಳು, ಅವನು ಬೋಗಿಯಿಂದ ಬೋಗಿಗೆ ನಡೆದ. ನಮಗಿಂತ ಅರ್ಧ ಕಿಲೋಮೀಟರು ಹೆಚ್ಚೇ ಪ್ರಯಾಣ ಮಾಡಿದ್ದಾನೆ.

ಲೂಸ್ ಅಜ್ಜಿ ಒಂದು ಹಿಡಿಯಷ್ಟಿದ್ದಳು. ಭಾನುಮತಿಯನ್ನು ಕಂಡು ಅವಳ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಭಾನುಮತಿ ಬಗ್ಗಿ ಕಾಲು ಮುಟ್ಟಿದಳು. ಅಜ್ಜಿ ಟಿವಿಯನ್ನು ಗೋಡೆಯ ಕಡೆ ತಿರುಗಿಸಿ, ಅದರ ಮುಂದೆ ಅವನನ್ನು ನಿಲ್ಲಿಸಿ, ಎದುರಿಗೆ ತನ್ನ ಹಳೆಯ ಒರಗುಕುರ್ಚಿಯಲ್ಲಿ ಕೂತಳು. ಸರಿಯಾಗಿ ಎರಡು ಗಂಟೆಗೆ ಅವನು ಶುರುಮಾಡಿದ. ಆ ಕೋಣೆಯಲ್ಲಿ ಒಂದು ಗೋಡೆಯಿಂದ ಇನ್ನೊಂದಕ್ಕೆ ನಾಲ್ಕೇ ಹೆಜ್ಜೆ; ನಾಲ್ಕು ಹಾಕಿ ತಿರುಗುತ್ತಿದ್ದ, ನಾಲ್ಕು ಹಾಕಿ ತಿರುಗುತ್ತಿದ್ದ. ಅಜ್ಜಿ ನಕ್ಕಳು, ಚಪ್ಪಾಳೆ ತಟ್ಟಿದಳು, ಒಂದು ಹಾಡಿನ ಅರ್ಧ ಹಾಡಿದಳು. ಎರಡೂವರೆಯ ಹೊತ್ತಿಗೆ ಆಕೆಯ ಗಲ್ಲ ಎದೆಗೆ ತಾಗಿತು. ಸಣ್ಣಗೆ ಗೊರಕೆ ಶುರುವಾಯಿತು.

ಅವನು ದನಿ ಇಳಿಸಿದ, ನಿಲ್ಲಿಸಲಿಲ್ಲ. ಕ್ಯಾಮೆರಾ ಇಲ್ಲ, ಚಾನಲ್ ಇಲ್ಲ, ಇದ್ದ ಒಬ್ಬ ಪ್ರೇಕ್ಷಕಿಯೂ ನಿದ್ದೆಗೆ ಜಾರಿದ್ದಳು. ಅವನು ಮಾತ್ರ ಯಾವುದೋ ಜೋಕಿನ ಅರ್ಧದಲ್ಲಿದ್ದ. ನನಗೆ ಸುಮ್ಮನಿರಲಾಗಲಿಲ್ಲ.

"ಲೋ ದ್ವಾರಕಾ, ಸಾಕು ಮಾಡೋ. ಇಷ್ಟು ದೂರ ಬಂದು ಒಬ್ಬರಿಗೆ ಪ್ರೋಗ್ರಾಂ ಮಾಡಿದೆ, ಅವರೂ ನಿದ್ದೆ ಹೋದ್ರು."

ನಾಲ್ಕನೆಯ ಹೆಜ್ಜೆ ಹಾಕಿ ತಿರುಗುತ್ತ ಅವನು ಪಿಸುಗುಟ್ಟಿದ:

"ಹೋದ್ರೆ ಹೋಗ್ಲಿ ಬಿಡು. ಚಾನಲ್ ಬದಲಾಯಿಸಲಿಲ್ಲ ತಾನೇ?"